ದೀಪ ಕಾಯಲು ಹೋದ ಬಿಂದುಶ್ರೀ

ಒಂದೇ ದಿನ ಎರಡು ಊರಿನ ಕೋರ್ಟುಗಳಲ್ಲಿ ಹಾಜರಾಗಬೇಕಾದ ಸಂದರ್ಭ ಮೊದಲ ಸಲ ಬಂದಾಗ, ಅದು ಯಾರದೋ ಕೈತಪ್ಪಿನಿಂದ ಆದದ್ದೆಂದು ಬಿಂದುಶ್ರೀ ತಿಳಿದಿದ್ದಳು. ಆಮೇಲೆ ಅದೇ ಅಭ್ಯಾಸವಾಗಿಹೋಯಿತು. ಬೆಳಿಗ್ಗೆ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ತನ್ನ ಹೆಸರು ಕೂಗುವವರೆಗೆ ಗೋಡೆಗೊರಗಿ ನಿಲ್ಲುವುದು, ಮುಂದಿನ ತಾರೀಖು ಕೇಳಿಕೊಂಡು ದೇವನಹಳ್ಳಿಯ ಬಸ್ಸು ಹಿಡಿಯುವುದು, ವಿಶ್ವನಾಥಪುರ ದಾಟುವಾಗ ಲಾಯರಿಗೆ ಫೋನು ಮಾಡಿ, "ಕೂಗಿಬಿಟ್ರಾ ಮೇಡಂ?" ಎಂದು ಕೇಳುವುದು. ಮೊದಲನೆಯ ಕೋರ್ಟಿನಲ್ಲಿ ಅವಳು ಅರ್ಜಿದಾರಳು, ಎರಡನೆಯದರಲ್ಲಿ ಎದುರುದಾರಳು. ಎರಡರಲ್ಲಿಯೂ ಎದುರಿಗೆ ನಿಲ್ಲುತ್ತಿದ್ದವನು ಒಬ್ಬನೇ, ಅವಳ ಗಂಡ ವೇಣುಗೋಪಾಲ. ಅವನು ಬೈಕಿನಲ್ಲಿ ಬರುತ್ತಿದ್ದನು. ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ, ಮುಂದೆ ಹೋಗುತ್ತಿದ್ದ ಅವನ ಬೆನ್ನು ಅವಳಿಗೆ ಕಾಣಿಸುತ್ತಿತ್ತು.

ಅವಳ ಜೊತೆಗೆ ತಂದೆ ಅಪ್ಪಯ್ಯಣ್ಣನವರು ಬರುತ್ತಿದ್ದರು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ ಬಂದಮೇಲೆ ಅವರಿಗೆ ಒಂದು ಮಾತು ಸಿಕ್ಕಿಬಿಟ್ಟಿತ್ತು. ಕಂಡಕ್ಟರು ಹತ್ತಿರ ಬಂದಾಗಲೆಲ್ಲ ಪಂಚೆಯ ಗಂಟು ಬಿಚ್ಚುತ್ತ, "ನೋಡಪ್ಪಾ, ಕೇಸು ಇವಳ್ದು, ಟಿಕೆಟ್ಟು ನಂದು. ಇದ್ಯಾವ ನ್ಯಾಯ ಹೇಳು" ಎನ್ನುತ್ತಿದ್ದರು. ಕಂಡಕ್ಟರು ನಗುತ್ತಿದ್ದನು. ಬಿಂದುಶ್ರೀ ಮೊದಮೊದಲು ನಗುತ್ತಿದ್ದಳು. ಆಮೇಲೆ ಆ ಮಾತು ಬರುವ ಮೊದಲೇ ಕಣ್ಣುಮುಚ್ಚಿ ಕಿಟಕಿಗೆ ತಲೆಯಾನಿಸುವುದನ್ನು ಕಲಿತಳು.

ದೊಡ್ಡಬಳ್ಳಾಪುರದ ಬಳಿಯ ಮಧುರೆಯಲ್ಲಿ ಅಪ್ಪಯ್ಯಣ್ಣನವರಿಗೆ ರಾಗಿಯ ಹೊಲವೂ ಹಾಲಿನ ಡೇರಿಗೆ ಹಾಕುವಷ್ಟು ಕರಾವೂ ಇದ್ದವು. ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಹೆಂಡತಿ ತೀರಿಹೋಗಿದ್ದರು. ಬಿಂದುಶ್ರೀ ಬೆಳಿಗ್ಗೆ ಹಾಲು ಕರೆದು, ಮುದ್ದೆ ತೊಳಸಿಟ್ಟು, ಆಮೇಲೆ ಶಾಲೆಗೆ ಓಡಿಬರುತ್ತಿದ್ದ ಹುಡುಗಿ. ತಡವಾದರೂ ನೆಪ ಹೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ತಡವಾಯಿತು ಸಾರ್" ಎಂದಷ್ಟೇ ಹೇಳಿ ತನ್ನ ಜಾಗದಲ್ಲಿ ಕೂರುತ್ತಿದ್ದಳು. ಆ ನೇರವಾದ ಸ್ವಭಾವ ಕೋರ್ಟಿನಲ್ಲಿ ಅವಳಿಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲವೆಂದೇ ಹೇಳಬೇಕು.

ಮದುವೆಯಾಗಿ ಅವಳು ಹೋದದ್ದು ದೇವನಹಳ್ಳಿಯ ಹತ್ತಿರದ ವಿಜಯಪುರಕ್ಕೆ. ವೇಣುಗೋಪಾಲನ ಮನೆಯ ಹಿಂದೆ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡಿತ್ತು. ಊರಿನವರು ಅದನ್ನು ಟ್ವಿಸ್ಟಿಂಗ್ ಮಿಷನ್ ಎಂದೇ ಕರೆಯುತ್ತಾರೆ. ಕರೆಂಟು ಇರುವಷ್ಟು ಹೊತ್ತೂ ಆ ಮಿಷನ್ನಿನ ಗುಂಯ್‌ಗುಟ್ಟುವಿಕೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವನು ಕುಡಿಯುವವನಲ್ಲ, ಅಲೆಯುವವನಲ್ಲ, ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಕೋಪ ಬಂದರೆ ಮಾತು ನಿಲ್ಲಿಸಿಬಿಡುವನು. ಯುಗಾದಿಗೆ ನಿಂತ ಮಾತು ಗೌರಿಹಬ್ಬ ಕಳೆದರೂ ಬಾರದಿದ್ದುದುಂಟು. ತಟ್ಟೆ ತಳ್ಳಿದರೆ ಊಟ ಸಾಕೆಂದು, ಬಾಗಿಲು ಬಡಿದರೆ ಹೊರಗೆ ಹೊರಟನೆಂದು ಅವಳೇ ಅರ್ಥಮಾಡಿಕೊಳ್ಳಬೇಕಿತ್ತು. ಹೀಗೆಯೇ ವರ್ಷಗಳು ಹೋದವು. ಒಂದು ದಿನ ಶೆಡ್ಡಿನಲ್ಲಿ, ಕೆಲಸದವರೆಲ್ಲ ನೋಡುತ್ತಿದ್ದಂತೆ, "ಬಾಯಿಬಿಟ್ಟು ಹೇಳಿ, ನಾನೇನು ಮೂಗನನ್ನು ಕಟ್ಟಿಕೊಂಡಿದ್ದೀನಾ?" ಎಂದು ಅವಳು ಕೇಳಿಬಿಟ್ಟಳು. ಅವನು ಕೆನ್ನೆಗೆ ಹೊಡೆದನು. ಆ ಸಂಜೆಯೇ ಅವಳು ಮಗಳು ಅಕ್ಷತಳ ಕೈಹಿಡಿದು ಮಧುರೆಗೆ ಬಂದಳು. ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಕೆಲಸಕ್ಕೆ ಸೇರಿಕೊಂಡಳು. ಅಕ್ಷತ ಊರಿನ ಶಾಲೆಗೆ ಸೇರಿದಳು.

ಅಷ್ಟಕ್ಕೇ ನಿಂತಿದ್ದರೆ ಎರಡು ಮನೆಯವರೂ ನಾಲ್ಕು ದಿನ ಬೇಸರಪಟ್ಟು ಸುಮ್ಮನಾಗುತ್ತಿದ್ದರೋ ಏನೋ. ಆದರೆ ವೇಣುಗೋಪಾಲನಿಗೆ ಮುನಿಸ್ವಾಮಿ ಎಂಬ ಸೋದರಮಾವನಿದ್ದನು. ಒಂದು ಕಾಲಕ್ಕೆ ಪಂಚಾಯಿತಿ ಸದಸ್ಯನಾಗಿದ್ದವನು. ಕೋರ್ಟೆಂದರೆ ಅವನಿಗೆ ಚುನಾವಣೆಯ ಇನ್ನೊಂದು ರೂಪ, ಮೊದಲು ಅರ್ಜಿ ಹಾಕಿದವನೇ ಗೆದ್ದನೆಂದು ಅವನ ಲೆಕ್ಕ. ಅವನು ಅಳಿಯನನ್ನು ಅನಿಲ್‌ಕುಮಾರ್ ಎಂಬ ವಕೀಲರ ಬಳಿಗೆ ಕರೆದೊಯ್ದು, 'ನನ್ನ ಹೆಂಡತಿಯನ್ನು ನನ್ನ ಜೊತೆಗೆ ಸಂಸಾರಕ್ಕೆ ಕಳುಹಿಸಿಕೊಡಬೇಕು' ಎಂದು ದೇವನಹಳ್ಳಿಯಲ್ಲಿ ಅರ್ಜಿ ಹಾಕಿಸಿದನು. ವೇಣುಗೋಪಾಲನಿಗೆ ಅವಳು ಬರುವಳೆಂಬ ನಂಬಿಕೆಯೂ ಇರಲಿಲ್ಲ, ಕರೆಯುವ ಮನಸ್ಸೂ ಆಗ ಇರಲಿಲ್ಲ.

ಬಿಂದುಶ್ರೀಯ ಪರವಾಗಿ ನಿಂತವಳು ರಾಜಘಟ್ಟದ ಸಂಘಮಿತ್ರ ಎಂಬ ಯುವ ವಕೀಲೆ. ಅವಳು ನೋಟೀಸು ಓದಿ, "ಇದಕ್ಕೆ ಬರೀ ಉತ್ತರ ಕೊಟ್ರೆ ಸಾಲದು" ಎಂದು ಹೇಳಿ ದೊಡ್ಡಬಳ್ಳಾಪುರದಲ್ಲಿ ಕೌಟುಂಬಿಕ ದೌರ್ಜನ್ಯದ ಅರ್ಜಿ ಹಾಕಿದಳು. ಅದರಲ್ಲಿ ರಕ್ಷಣೆಯ ಜೊತೆಗೆ, ವಿಜಯಪುರದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಿದ್ದಳು. ಅಪ್ಪಯ್ಯಣ್ಣನವರು ಅದನ್ನು ಓದಿಸಿ ಕೇಳಿ ತಬ್ಬಿಬ್ಬಾದರು.

"ಅಲ್ಲ ಕಣಮ್ಮ ಲಾಯರಮ್ಮ, ಆ ಮನೆ ಬೇಡ ಅಂತ್ಲೇ ಅಲ್ವಾ ನಮ್ಮ ಮಗು ಬಂದಿರೋದು? ಮತ್ತೆ ಅಲ್ಲೇ ಜಾಗ ಕೊಡಿ ಅಂತ ಬರ್ದಿದ್ದೀರಲ್ಲ?"

"ಕೇಳ್ದೆ ಬಿಟ್ರೆ ಬಿಟ್ಕೊಟ್ಟ ಹಾಗಾಗುತ್ತೆ ಯಜಮಾನ್ರೇ. ಕೇಳಿಟ್ಟಿರೋದು. ನಾಳೆ ರಾಜಿಗೆ ಕೂತಾಗ ಕೈಯಲ್ಲಿ ಏನಾದ್ರೂ ಇರಬೇಕಲ್ಲ."

"ಅವನೂ ಹಂಗೇ ಕೇಳಿಟ್ಟಿರೋದಾ?"

"ಅವರೂ ಹಾಗೇ."

"ಹಂಗಾದ್ರೆ ನಿಜವಾಗ್ಲೂ ಬೇಕಾಗಿರೋದನ್ನ ಎಲ್ಲಿ ಕೇಳ್ತಾರವ್ವ?" ಎಂದರು ಅಪ್ಪಯ್ಯಣ್ಣನವರು. ಸಂಘಮಿತ್ರ ಟೀ ತರಿಸಿದಳು.

ಆಮೇಲೆ ಒಂದರ ಮೇಲೊಂದು ಬಂದವು. ಹೆಂಡತಿ ಬಿಟ್ಟುಹೋದಳೆಂದು ಅವನ ವಿಚ್ಛೇದನದ ಅರ್ಜಿ, ಹೊರಹಾಕಿದರೆಂದು ಅವಳ ಜೀವನಾಂಶದ ಅರ್ಜಿ, ಅಕ್ಷತಳನ್ನು ತನಗೆ ಒಪ್ಪಿಸಬೇಕೆಂದು ಅವನ ಮತ್ತೊಂದು ಅರ್ಜಿ. ಅವನು ಒಂದು ಅರ್ಜಿಯಲ್ಲಿ ಹೆಂಡತಿ ಬೇಕೆಂದನು, ಮತ್ತೊಂದರಲ್ಲಿ ಬೇಡವೆಂದನು. ಅವಳು ಒಂದರಲ್ಲಿ ಅವನ ಮನೆಯಲ್ಲಿ ಇರುತ್ತೇನೆಂದಳು, ಇನ್ನೊಂದರಲ್ಲಿ ಅಲ್ಲಿ ಇರಲಾರೆನೆಂದಳು. ಎಲ್ಲ ಕಾಗದಗಳ ಕೆಳಗೂ 'ಮೇಲೆ ಹೇಳಿದ್ದೆಲ್ಲವೂ ಸತ್ಯ' ಎಂದು ಅವರವರ ರುಜು ಇತ್ತು. ರುಜು ಮಾಡುವಾಗ ಮೊದಲು ಅವಳ ಕೈ ತಡೆಯುತ್ತಿತ್ತು. ಕ್ರಮೇಣ ಅದೂ ನಿಂತಿತು. ಕಾಲರಿಗೆ ಹೊಲಿಗೆ ಹಾಕಿದಂತೆ ಪುಟ ತಿರುಗಿಸಿ ರುಜು ಹಾಕಿ, ಮತ್ತೆ ಪುಟ ತಿರುಗಿಸುತ್ತಿದ್ದಳು. ಗಾರ್ಮೆಂಟ್ಸಿನ ಸೂಪರ್‌ವೈಸರು, "ಏನಮ್ಮಾ, ಇವತ್ತು ದೊಡ್ಡಬಳ್ಳಾಪುರದ ಸಂಸಾರವೋ ದೇವನಹಳ್ಳಿ ಸಂಸಾರವೋ?" ಎಂದು ಹಂಗಿಸುತ್ತಿದ್ದನು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಕ್ಷತ ತನ್ನ ಬಳಿಯೇ ಉಳಿದು, ಈ ಮದುವೆ ಕಾಗದದ ಮೇಲೆಯೂ ಮುಗಿಯಬೇಕು. ಆ ಮಾತನ್ನು ಮಾತ್ರ ನೇರವಾಗಿ ಬರೆದ ಅರ್ಜಿ ಯಾವ ಕೋರ್ಟಿನಲ್ಲಿಯೂ ಇರಲಿಲ್ಲ.

ಅದನ್ನು ಬರೆಯುವಂತೆ ಮಾಡಿದವರು ಅವಳ ಅತ್ತೆ ಮುನಿಲಕ್ಷ್ಮಮ್ಮನವರು.

ಒಂದು ತಾರೀಖಿನ ದಿನ ಅವರು ಮಗನ ಬೈಕಿನ ಹಿಂದೆ ಕುಳಿತು ದೇವನಹಳ್ಳಿಗೆ ಬಂದಿದ್ದರು. ಆಗಲೇ ಕಾಯಿಲೆಯಿಂದ ಸೊರಗಿದ್ದರು. ಕೋರ್ಟಿನ ಆವರಣದ ಹೊಂಗೆಮರದ ಕೆಳಗೆ ಸೊಸೆಯನ್ನು ಕಂಡು ನೇರವಾಗಿ ಬಂದು ಅವಳ ಪಕ್ಕದಲ್ಲಿಯೇ ಕುಳಿತುಬಿಟ್ಟರು. ಮುನಿಸ್ವಾಮಿ ದೂರದಿಂದ, "ಅಕ್ಕಾ, ಆ ಕಡೆ ಅಲ್ಲ, ನಮ್ಮ ಕಡೆ ಈ ಬೆಂಚು" ಎಂದು ಕೂಗಿದನು.

"ನೆರಳು ಎಲ್ಲೈತೋ ಅಲ್ಲಿ ಕೂರ್ತೀನಿ ಹೋಗೋ" ಎಂದರು ಮುನಿಲಕ್ಷ್ಮಮ್ಮ. ಆಮೇಲೆ ಸೊಸೆಯ ಕಡೆಗೆ ತಿರುಗಿ, "ಬಡವಾಗಿದ್ದೀಯ ಬಿಂದು. ಊಟ ಮಾಡ್ತೀಯೋ ಇಲ್ವೋ?" ಎಂದು ಕೇಳಿದರು.

"ಮಾಡ್ತೀನಿ ಅತ್ತೆ."

"ಎಲ್ಲಿ ಮಾಡ್ತೀಯ, ಬಸ್ಸಲ್ಲಾ?" ಎಂದವರು ಇನ್ನಷ್ಟು ಹತ್ತಿರ ಸರಿದು, "ನಿಂಗೆ ಅವ್ನು ಬೇಕಾ ಬೇಡ್ವಾ, ನಂಗೊಬ್ಳಿಗೆ ಹೇಳು" ಎಂದರು.

"ಬೇಡ ಅತ್ತೆ. ಅಕ್ಷತ ನನ್ನ ಹತ್ರ ಇದ್ರೆ ಸಾಕು."

"ಸರಿ ಬಿಡು. ನಾನು ಹೇಳ್ತೀನಿ."

ಬಿಂದುಶ್ರೀಗೆ ಹೆರಿಗೆಯಾದಾಗ ತಾಯಿಯಿಲ್ಲದ ಹುಡುಗಿಯೆಂದು ಬಾಣಂತನವನ್ನು ಗಂಡನ ಮನೆಯಲ್ಲಿಯೇ ಮಾಡಿದವರು ಈ ಅತ್ತೆ. ಮಗ ಮಾತು ನಿಲ್ಲಿಸಿದ ತಿಂಗಳುಗಳಲ್ಲಿ ಆ ಮನೆಯಲ್ಲಿ ಅವಳಿಗೆ ಮಾತು ಎಂಬುದಿದ್ದರೆ ಅದು ಅವರದ್ದೇ. ಅವರು ಮಗನಿಗೆ ಏನು ಹೇಳಿದರೋ ತಿಳಿಯದು. ಮುಂದಿನ ತಾರೀಖಿನಲ್ಲಿ ಅವನು ಮಧ್ಯಸ್ಥಿಕೆಗೆ ಒಪ್ಪಿದನು. ಇಬ್ಬರೂ ಒಪ್ಪಿ ಬೇರೆಯಾಗುವುದು, ಅಕ್ಷತ ತಾಯಿಯ ಬಳಿ ಇರುವುದು, ರಜೆಯಲ್ಲಿ ತಂದೆಯ ಮನೆಗೆ ಹೋಗಿಬರುವುದು, ಎರಡು ಕಡೆಯ ಎಲ್ಲ ಕೇಸುಗಳನ್ನೂ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಬರೆದು ಜಂಟಿ ಅರ್ಜಿ ಸಲ್ಲಿಸಿದರು. ಕಾನೂನಿನ ಪ್ರಕಾರ ಆರು ತಿಂಗಳು ಕಾದು, ಇಬ್ಬರೂ ಮತ್ತೊಮ್ಮೆ ಬಂದು 'ಈಗಲೂ ಒಪ್ಪಿಗೆ' ಎಂದು ಹೇಳಬೇಕು. ಅಲ್ಲಿಯವರೆಗೂ ಇಬ್ಬರೂ ಬೇರೆಬೇರೆಯಾಗಿಯೇ ಬದುಕುತ್ತಿರಬೇಕು. ಉಳಿದ ಕೇಸುಗಳು ಅಲ್ಲಿಯವರೆಗೆ ಹಾಗೆಯೇ ಇರುತ್ತವೆ.

ಆ ಕಾಯುವ ತಿಂಗಳುಗಳು ಇನ್ನೇನು ಮುಗಿಯಬೇಕು ಎನ್ನುವಾಗ ಮುನಿಲಕ್ಷ್ಮಮ್ಮ ತೀರಿಕೊಂಡರು.

ಸುದ್ದಿ ಬಂದಾಗ ಬಿಂದುಶ್ರೀ ಮಿಷನ್ನಿನ ಮುಂದೆ ಕುಳಿತಿದ್ದಳು. ಅರ್ಧ ಹೊಲಿದ ಕಾಲರನ್ನು ಅಲ್ಲಿಯೇ ಬಿಟ್ಟು ಎದ್ದಳು. ಮಧುರೆಗೆ ಹೋಗಿ ಅಕ್ಷತಳನ್ನು ಕರೆದುಕೊಂಡು, ತಂದೆಯ ಜೊತೆಗೆ ವಿಜಯಪುರ ತಲುಪುವ ಹೊತ್ತಿಗೆ ಹೆಣ ಎತ್ತಲು ಸಿದ್ಧಮಾಡಿದ್ದರು. ಅವಳು ಅತ್ತೆಯ ಕಾಲು ಹಿಡಿದು ಅತ್ತಳು. ಮಣ್ಣು ಮಾಡಿ ಬಂದಮೇಲೆ ತಂದೆಯ ಜೊತೆಗೆ ಹಿಂದಿರುಗಬೇಕೆಂದೇ ಅವಳ ಯೋಚನೆಯಿದ್ದದ್ದು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಆರಲು ಬಿಡಬಾರದು. ಮಗ ಕಾರ್ಯ ಮಾಡಿದರೆ ಸೊಸೆ ದೀಪ ಕಾಯಬೇಕು. ದೀಪ ಹಿಡಿದವಳು ಬೇರೆ ಮನೆಯಲ್ಲಿ ಮಲಗುವಂತಿಲ್ಲ, ಆ ದೀಪದ ಪಕ್ಕದಲ್ಲಿಯೇ ಚಾಪೆ ಹಾಸಿಕೊಳ್ಳಬೇಕು. ಮುನಿಲಕ್ಷ್ಮಮ್ಮನವರಿಗೆ ಇದ್ದವನು ಒಬ್ಬನೇ ಮಗ, ಒಬ್ಬಳೇ ಸೊಸೆ. ಮಣ್ಣಿನಿಂದ ಹಿಂದಿರುಗಿದಾಗ ಒಬ್ಬ ಮುದುಕಿ ಎಣ್ಣೆಯ ಬಟ್ಟಲನ್ನು ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಯಾರೂ ಬಿಂದುಶ್ರೀಯನ್ನು ಕರೆಯಲಿಲ್ಲ. ಅವಳೇ ಮುಂದೆ ಹೋಗಿ ಬಟ್ಟಲು ಈಸಿಕೊಂಡಳು.

ಅಪ್ಪಯ್ಯಣ್ಣನವರು ಬಾಗಿಲಲ್ಲಿ ಮೆಲ್ಲಗೆ, "ಲಾಯರಮ್ಮನ್ನ ಒಂದು ಮಾತು ಕೇಳ್ಬೇಕಿತ್ತಾ ಮಗ?" ಎಂದರು.

"ಇದಕ್ಕೆಲ್ಲಾ ಏನು ಕೇಳೋದಪ್ಪಾ. ನೀನು ಹೋಗಿ ಹಸುಗಳನ್ನ ನೋಡ್ಕೋ."

ಆ ದಿನಗಳಲ್ಲಿ ಶೆಡ್ಡಿನ ಮಿಷನ್ನು ನಿಂತಿತ್ತು. ಅಷ್ಟು ವರ್ಷ ಇದ್ದ ಮನೆಯಲ್ಲಿ ಅಂತಹ ನಿಶ್ಶಬ್ದವನ್ನು ಬಿಂದುಶ್ರೀ ಕೇಳಿರಲಿಲ್ಲ. ಅವಳೂ ಅಕ್ಷತಳೂ ನಡುಮನೆಯಲ್ಲಿ ದೀಪದ ಪಕ್ಕ ಮಲಗುತ್ತಿದ್ದರು, ವೇಣುಗೋಪಾಲನು ಶೆಡ್ಡಿನಲ್ಲಿ. ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ಅವನು ಅವಳಿಗೆ, "ಎಣ್ಣೆ ತರ್ಬೇಕಾ?" ಎಂದು ಕೇಳಿದನು. ತಾನಾಗಿಯೇ ಅವನು ಮಾತಾಡಿದ್ದು ಎಷ್ಟು ಕಾಲವಾಗಿತ್ತೆಂದು ಅವಳಿಗೆ ನೆನಪಾಗಲಿಲ್ಲ. "ತನ್ನಿ" ಎಂದಳು. ಮಾತಾಡಿಸಲು ಬಂದ ಹೆಂಗಸರು, "ಅತ್ತೆ ಹೋಗ್ತಾ ಹೋಗ್ತಾ ಮನೆ ಜೋಡಿಸ್ಬಿಟ್ಟು ಹೋದ್ಲು ನೋಡು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳು ಬತ್ತಿ ಸರಿಮಾಡಿದಳು. ಆ ಹೊತ್ತಿನಲ್ಲಿ ಇಲ್ಲವೆನ್ನಲು ಅವಳಿಗೆ ಮನಸ್ಸಾಗಲಿಲ್ಲ.

ಇನ್ನು ಮುನಿಸ್ವಾಮಿಯ ಕೆಲಸ. ಅವನು ಅಕ್ಕನ ಹೆಸರಿನಲ್ಲಿ ದೊಡ್ಡದೊಂದು ಫ್ಲೆಕ್ಸ್ ಮಾಡಿಸಿ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಸಿದನು. ಮೇಲೆ ಮುನಿಲಕ್ಷ್ಮಮ್ಮನವರ ಭಾವಚಿತ್ರ, 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ದುಃಖತಪ್ತರ ಸಾಲು. ಆ ಸಾಲಿನಲ್ಲಿ ಮೊದಲು ಅವನದೇ ಚಿತ್ರ, ಪಕ್ಕದಲ್ಲಿ ವೇಣುಗೋಪಾಲ ಮತ್ತು ಬಿಂದುಶ್ರೀ, ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿದ್ದು. ಬಾಸಿಂಗವನ್ನು ಅಳಿಸಲು ಹೋಗಿ ಇಬ್ಬರ ಹಣೆಯನ್ನೂ ಅರ್ಧ ಅಳಿಸಿದ್ದರು. ಅಕ್ಷತ ಅದನ್ನು ನೋಡಿ ಬಂದು, "ಅಮ್ಮಾ, ಬಸ್‌ಸ್ಟ್ಯಾಂಡಲ್ಲಿ ನೀನೂ ಅಪ್ಪಾನೂ ನಗ್ತಿದ್ದೀರ" ಎಂದು ಹೇಳಿದಳು.

ಕಾರ್ಯ ಮುಗಿದ ಮರುದಿನವೇ ಬಿಂದುಶ್ರೀ ಮಗಳೊಡನೆ ಮಧುರೆಗೆ ಹಿಂದಿರುಗಿದಳು. ವಾರ ಕಳೆಯುವುದರೊಳಗೆ ಸಂಘಮಿತ್ರ ಫೋನು ಮಾಡಿ ಕಚೇರಿಗೆ ಬರಹೇಳಿದಳು. ಮೇಜಿನ ಮೇಲೆ ಆ ಫ್ಲೆಕ್ಸಿನ ಫೋಟೋ ಇತ್ತು.

"ಅನಿಲ್‌ಕುಮಾರ್ ಮೆಮೋ ಹಾಕಿದ್ದಾರೆ ಬಿಂದು. ಗಂಡ ಹೆಂಡತಿ ಮತ್ತೆ ಒಂದಾಗಿದ್ದಾರೆ, ಒಂದೇ ಮನೇಲಿ ಸಂಸಾರ ಮಾಡಿದ್ದಾರೆ, ಹಾಗಾಗಿ ಜಂಟಿ ಅರ್ಜಿಗೆ ಒಪ್ಪಿಗೆ ಇಲ್ಲ ಅಂತ. ಹೆಂಡ್ತೀನ ಕಳಿಸಿಕೊಡಿ ಅನ್ನೋ ಅರ್ಜಿ ಇತ್ತಲ್ಲ, ಅದರ ಪ್ರಕಾರ ಆದೇಶ ಮಾಡಿ ಅಂತ ಕೇಳಿದ್ದಾರೆ. ಮಗೂನೂ ತಂದೆ ಮನೇಲೇ ಇರಲಿ ಅಂತೆ."

ಬಿಂದುಶ್ರೀ ಫೋಟೋವನ್ನು ನೋಡುತ್ತ ಕುಳಿತಳು.

"ದೊಡ್ಡಬಳ್ಳಾಪುರದ ಕೇಸಲ್ಲೂ ಅದೇ ಕಥೆ. ನೀವು ಆ ಮನೇಲಿ ವಾಸದ ಹಕ್ಕು ಕೇಳಿದ್ರಿ, ಹೋಗಿ ಇದ್ದೂ ಬಂದ್ರಿ, ಇನ್ನೇನು ದೌರ್ಜನ್ಯ ಅಂತಾರೆ. ಒಂದೇ ಒಂದು ಫೋನ್ ಮಾಡ್ಬಾರ್ದಾಗಿತ್ತಾ ನಂಗೆ?"

"ಏನಂತ ಮಾಡ್ಲಿ ಮೇಡಂ? ಅತ್ತೆ ಸತ್ತಿದ್ದಾರೆ, ದೀಪಕ್ಕೆ ಎಣ್ಣೆ ಹಾಕ್ಲಾ ಬೇಡ್ವಾ ಅಂತ ಕೇಳ್ಲಾ?"

ಸಂಘಮಿತ್ರ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಒಂದೇ ಮನೇಲಿ ಇದ್ದ ಮಾತ್ರಕ್ಕೆ ಸಂಸಾರ ಮಾಡಿದ ಹಾಗಲ್ಲ ಅಂತ ವಾದ ಮಾಡ್ಬಹುದು. ಆದ್ರೆ ಜಂಟಿ ಅರ್ಜಿ ನಿಲ್ಲೋಕೆ ಅವರ ಒಪ್ಪಿಗೆ ಬೇಕೇ ಬೇಕು. ಜಡ್ಜು ಮುಂದೆ ಅವರು ಒಪ್ಪಿಗೆ ಇಲ್ಲ ಅಂದ್ರೆ ಮುಗೀತು. ಎಲ್ಲಾ ಕೇಸೂ ಮೊದಲಿಂದ."

ಮೊದಲಿಂದ ಎಂಬ ಮಾತು ಕೇಳಿ ಬಿಂದುಶ್ರೀಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಕಾಲಿನ ಕೀಲುಗಳೆಲ್ಲ ಒಮ್ಮೆಗೇ ನೋಯತೊಡಗಿದವು. ಮತ್ತೆ ಅದೇ ಬಸ್ಸು, ಅದೇ ಗೋಡೆ, ಸಾಕ್ಷಿಗೆಂದು ಅಕ್ಷತಳನ್ನೂ ಕರೆಸುತ್ತಾರೋ ಏನೋ. ಇಬ್ಬರೂ ಬೇಕಿಲ್ಲದೆ ಕೇಳಿದ್ದ ಎರಡು ಅರ್ಜಿಗಳು ಅವಳು ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ತಾವಾಗಿಯೇ ಫಲಿಸಿದ್ದವು. ಬೇಕೆಂದು ಕೇಳಿದ್ದ ಒಂದೇ ಒಂದು ಅರ್ಜಿ ಕೈಬಿಟ್ಟುಹೋಗುವುದರಲ್ಲಿತ್ತು.

ತಾರೀಖಿನ ದಿನ ದೇವನಹಳ್ಳಿಯ ಕೋರ್ಟಿನಲ್ಲಿ ಜನ ತುಂಬಿದ್ದರು. ಸಂಘಮಿತ್ರ ಒಳಗೆ ಬೇರೊಂದು ಕೇಸಿನಲ್ಲಿದ್ದಳು. ಅಪ್ಪಯ್ಯಣ್ಣನವರು ನೀರು ತರಲು ಹೋಗಿದ್ದರು. ವರಾಂಡದ ಬೆಂಚಿನಲ್ಲಿ ಉಳಿದಿದ್ದ ಜಾಗವೆಂದರೆ ವೇಣುಗೋಪಾಲನ ಪಕ್ಕದಲ್ಲಿ ಮಾತ್ರ. ನಿಂತು ನಿಂತು ಸಾಕಾಗಿದ್ದ ಬಿಂದುಶ್ರೀ ಹೋಗಿ ಕುಳಿತಳು. ಬೋಳಿಸಿದ ತಲೆಯಲ್ಲಿ ಅವನಿಗೆ ಆಗತಾನೇ ಕೂದಲು ಚಿಗುರುತ್ತಿತ್ತು.

ಅವಳೇ ಕೇಳಿದಳು: "ಆ ಮೆಮೋ ನೀವೇ ಹಾಕ್ಸಿದ್ದಾ?"

"ಮಾವ ಹಾಕ್ಸಿದ್ರು. ರುಜು ನಂದೇ" ಎಂದನು.

"ಓದಿದ್ರಾ?"

"ಓದ್ದೆ."

"ನಾನು ಬಂದಿದ್ದು ಅತ್ತೆಗೆ. ನಿಮಗಲ್ಲ."

"ಗೊತ್ತು ನಂಗೆ."

"ಗೊತ್ತಿದ್ದೂ ರುಜು ಹಾಕಿದ್ರಾ?"

ವೇಣುಗೋಪಾಲನು ತಲೆ ಬಗ್ಗಿಸಿ ಅಂಗೈಗಳನ್ನು ನೋಡಿಕೊಂಡನು. "ಬೆಳಿಗ್ಗೆ ಶೆಡ್ಡಿಂದ ಒಳಕ್ಕೆ ಬಂದ್ರೆ ದೀಪ ಉರೀತಿತ್ತು, ಒಲೆ ಹಚ್ಚಿರ್ತಿತ್ತು, ಮಗು ಓದ್ಕೊಳ್ತಾ ಕೂತಿರ್ತಿತ್ತು. ಅಮ್ಮ ಇಲ್ಲ ಅಂತ್ಲೇ ಅನ್ನಿಸ್ತಿರ್ಲಿಲ್ಲ. ಮಾವ ಹಿಂಗೆ ಬರ್ಕೊಟ್ರೆ ಹಿಂಗೇ ಉಳ್ಕೊಳ್ತಾರೆ ಅಂದ್ರು. ಹಾಕ್ದೆ."

"ಆವಾಗ್ಲೇ ನಂಗೆ ಹೇಳ್ಬಹುದಾಗಿತ್ತಲ್ಲ?"

"ಹೇಳಿದ್ರೆ ಇರ್ತಿದ್ದಾ?"

"ಇಲ್ಲ. ಆದ್ರೆ ಇಲ್ಲ ಅಂತ ಹೇಳಿರ್ತಿದ್ದೆ. ಇಬ್ರೂ ಇಷ್ಟು ದೂರ ಬರ್ಬೇಕಾಗಿರ್ಲಿಲ್ಲ."

ಅವನು ಮತ್ತೇನನ್ನೋ ಹೇಳಲು ಬಾಯಿ ತೆರೆದನು. ಅಷ್ಟರಲ್ಲಿ ಮುನಿಸ್ವಾಮಿ ಬಂದು ನಿಂತನು. "ಏನಮ್ಮಾ ಬಿಂದು, ಒಂದೇ ಬೆಂಚಲ್ಲಿ ಕೂತಿದ್ದೀರ! ಇನ್ನೇನು ಬೇಕು, ಇದನ್ನೇ ಜಡ್ಜು ನೋಡಿದ್ರೆ ಸಾಕು" ಎಂದು ನಕ್ಕು, ಫೋಟೋ ತೆಗೆಯಲು ಜೇಬಿನಿಂದ ಮೊಬೈಲು ತೆಗೆದನು.

"ಒಳಗಿಡು ಮಾವ" ಎಂದನು ವೇಣುಗೋಪಾಲ.

ಹೆಸರು ಕೂಗಿದಾಗ ಊಟದ ಹೊತ್ತಾಗುತ್ತಿತ್ತು. ನ್ಯಾಯಾಧೀಶರು ಎರಡೂ ಕಡೆಯ ಕಾಗದಗಳನ್ನು ತಿರುವಿಹಾಕಿ ಕನ್ನಡಕ ತೆಗೆದರು. "ಇವರು ಒಂದು ಅರ್ಜಿಯಲ್ಲಿ ಹೆಂಡತಿ ಬೇಕು ಅಂದಿದ್ದಾರೆ, ಇನ್ನೊಂದರಲ್ಲಿ ಬೇಡ ಅಂದಿದ್ದಾರೆ. ಆಕೆ ದೊಡ್ಡಬಳ್ಳಾಪುರದಲ್ಲಿ ಆ ಮನೆ ಬೇಕು ಅಂದಿದ್ದಾರೆ, ಇಲ್ಲಿ ಬೇಡ ಅಂದಿದ್ದಾರೆ. ಆಮೇಲೆ ಇಬ್ಬರೂ ಸೇರಿ ಬೇಡ ಅಂದಿದ್ದಾರೆ. ಈಗ ನೋಡಿದರೆ ಒಂದಾಗಿದ್ದಾರಂತೆ" ಎಂದು ವಕೀಲರಿಬ್ಬರನ್ನೂ ನೋಡಿದರು. ಅನಿಲ್‌ಕುಮಾರರು ಎದ್ದು ಫ್ಲೆಕ್ಸಿನ ಫೋಟೋ ಕೊಟ್ಟರು. ನ್ಯಾಯಾಧೀಶರು ಅದನ್ನು ಹತ್ತಿರ ಹಿಡಿದು, "ಇದೇನು, ಹಣೆ ಎಲ್ಲಿ ಹೋಯಿತು?" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ವಕೀಲರು ಸ್ವಲ್ಪ ಕೂತುಕೊಳ್ಳಿ. ವೇಣುಗೋಪಾಲ್ ಅವರೇ, ನೀವು ಹೇಳಿ. ನಿಮ್ಮ ತಾಯಿಯವರು ತೀರಿಕೊಂಡ ದಿನಗಳಲ್ಲಿ ಇವರು ನಿಮ್ಮ ಮನೆಯಲ್ಲಿ ಇದ್ದರಾ?"

"ಇದ್ರು ಸ್ವಾಮಿ."

"ಗಂಡ ಹೆಂಡತಿಯಾಗಿ ಇದ್ದಿರಾ?"

ಬಿಂದುಶ್ರೀ ಅವನ ಕಡೆಗೆ ನೋಡಲಿಲ್ಲ. ಎದುರಿನ ಕಟಕಟೆಯ ಮರದಲ್ಲಿ ಯಾರೋ ಮೊಳೆಯಿಂದ ಗೀರಿದ ಗುರುತಿತ್ತು, ಅದನ್ನೇ ನೋಡುತ್ತಿದ್ದಳು. ವೇಣುಗೋಪಾಲನು ಸುಮ್ಮನಿದ್ದನು. ಅವನ ಮೌನವನ್ನು ಅವಳಷ್ಟು ಬಲ್ಲವರು ಆ ಕೋರ್ಟಿನಲ್ಲಿ ಇರಲಿಲ್ಲ. ಇದೂ ಗೌರಿಹಬ್ಬದವರೆಗೆ ಹೋಗುವುದೇ ಎಂದು ಅವಳಿಗೆ ಅನ್ನಿಸಿತು. ಹಿಂದಿನಿಂದ ಮುನಿಸ್ವಾಮಿ ಕೆಮ್ಮಿದನು.

"ಹೇಳಿ" ಎಂದರು ನ್ಯಾಯಾಧೀಶರು.

"ಸೂತಕದ ಮನೆ ಸ್ವಾಮಿ" ಎಂದನು ವೇಣುಗೋಪಾಲ. "ನಮ್ಮಲ್ಲಿ ದೀಪ ಹಿಡಿದೋರು ದೀಪದ ಹತ್ರಾನೇ ಮಲಗ್ಬೇಕು. ಕಾರ್ಯ ಮಾಡೋನು ರಾತ್ರಿ ಹೊತ್ತು ಅವರ ಪಕ್ಕ ಸುಳಿಯೋ ಹಂಗೂ ಇಲ್ಲ. ನಾನು ಶೆಡ್ಡಲ್ಲಿ ಇದ್ದೆ. ಅವಳು ನಮ್ಮಮ್ಮನಿಗೋಸ್ಕರ ಬಂದಿದ್ಲು. ನಾನು ಕರ್ದಿರ್ಲಿಲ್ಲ. ನಾನು ಕರ್ದಿದ್ರೆ ಬರ್ತಿರ್ಲಿಲ್ಲ."

"ಹಾಗಾದರೆ ಈ ಮೆಮೋದಲ್ಲಿ ಬರೆದಿರುವುದು?"

"ಸುಳ್ಳು ಸ್ವಾಮಿ. ರುಜು ಹಾಕಿದ್ದು ನಂದು ತಪ್ಪು."

ಅನಿಲ್‌ಕುಮಾರರು ಎದ್ದು ನಿಂತು, ಮತ್ತೆ ಕುಳಿತರು. ನ್ಯಾಯಾಧೀಶರು ಸುಳ್ಳು ಬರೆದುಕೊಟ್ಟದ್ದಕ್ಕಾಗಿ ಅವನನ್ನು ಕಟುವಾಗಿಯೇ ಗದರಿಸಿದರು. ಅವನು ತಲೆಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡನು. ಆಮೇಲೆ ಅವರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕೇಳಿದರು: ಬೇರೆಯಾಗಲು ಈಗಲೂ ಒಪ್ಪಿಗೆಯೆ? ಮಗು ತಾಯಿಯ ಬಳಿ ಇರುವುದಕ್ಕೆ ಒಪ್ಪಿಗೆಯೆ? ವೇಣುಗೋಪಾಲನು ಎರಡಕ್ಕೂ "ಹೂಂ" ಎಂದನು. ಎರಡನೆಯದನ್ನು ಹೇಳುವಾಗ ಅವನ ದನಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. ಬಿಂದುಶ್ರೀ "ಒಪ್ಪಿಗೆ" ಎಂದಳು. ಇಷ್ಟು ವರ್ಷಗಳಲ್ಲಿ ಕೋರ್ಟಿನಲ್ಲಿ ಅವಳು ಆಡಿದ ಅತ್ಯಂತ ಚಿಕ್ಕ ಮಾತು ಅದು.

ಆದರೆ ಕೇಸುಗಳು ಒಂದೇ ದಿನದಲ್ಲಿ ಮುಗಿಯುವಂಥವಲ್ಲ. ದೇವನಹಳ್ಳಿಯಲ್ಲಿ ಆದೇಶವಾದ ಮೇಲೆ ಅದರ ನಕಲು ಪಡೆದು, ದೊಡ್ಡಬಳ್ಳಾಪುರದಲ್ಲಿ ಒಂದೊಂದು ಅರ್ಜಿಯನ್ನೂ ಬೇರೆಬೇರೆ ದಿನ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದಕ್ಕೂ ತಾರೀಖುಗಳು ಬಿದ್ದವು. ಒಂದು ಸಲ ನ್ಯಾಯಾಧೀಶರು ರಜೆಯಲ್ಲಿದ್ದರು, ಇನ್ನೊಂದು ಸಲ ವಕೀಲರ ಮುಷ್ಕರ. ಕೊನೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿನ ಅರ್ಜಿ ಬಂದ ದಿನ, "ನಿಮಗೆ ಆ ಮನೆ ಬೇಡವೇ?" ಎಂದು ಅಲ್ಲಿನ ನ್ಯಾಯಾಧೀಶರು ಕೇಳಿದರು. "ಬೇಡ ಸ್ವಾಮಿ" ಎಂದು ಬಿಂದುಶ್ರೀ ಹೇಳಿದಾಗ ಅದನ್ನು ಬರೆದುಕೊಂಡರು.

ಅಂದು ಹೊರಗೆ ಬಂದಾಗ ವೇಣುಗೋಪಾಲನು ಬೈಕಿನ ಪಕ್ಕದಲ್ಲಿ ನಿಂತಿದ್ದನು. ಅವನು ಬರಬೇಕಾದ ಅಗತ್ಯವಿರಲಿಲ್ಲ. ಅಪ್ಪಯ್ಯಣ್ಣನವರು ಅವನನ್ನು ನೋಡಿ, "ಚೆನ್ನಾಗಿದ್ದೀಯಾ?" ಎಂದು ಕೇಳಿ, ತಾವಾಗಿಯೇ ಮುಂದೆ ಹೋಗಿ ಬಸ್‌ಸ್ಟಾಪಿನಲ್ಲಿ ನಿಂತರು.

"ಅಮ್ಮನ ವರ್ಷದ ಕಾರ್ಯ ಬರ್ತೈತೆ" ಎಂದನು ವೇಣುಗೋಪಾಲ. "ಮಿಕ್ಕಿದ್ದೆಲ್ಲಾ ನಾನು ನೋಡ್ಕೋತೀನಿ. ಎಡೆ ಇಡೋಕೆ ಮಾತ್ರ..."

ಅವನು ಮಾತನ್ನು ಅಲ್ಲಿಗೇ ನಿಲ್ಲಿಸಿದನು. ಆದರೂ ಅವನು ಬಾಯಿಬಿಟ್ಟು ಕೇಳಿದ್ದನು. ಅದನ್ನು ಅವಳು ಗಮನಿಸದಿರಲಿಲ್ಲ. ಒಂದು ಕ್ಷಣ ಅವಳಿಗೆ ಅತ್ತೆಯ ಮುಖ ನೆನಪಾಯಿತು.

"ಅಕ್ಷತನ್ನ ಹಿಂದಿನ ದಿನಾನೇ ಕಳಿಸ್ತೀನಿ. ಅಪ್ಪ ಕರ್ಕೊಂಡ್ಬರ್ತಾರೆ" ಎಂದಳು. "ಅವಳ ಕೈಲಿ ಎಡೆ ಇಡಿಸಿ. ನಾನು ಬರಲ್ಲ."

"ಸರಿ" ಎಂದನು ಅವನು. ಹೆಲ್ಮೆಟ್ಟು ಹಾಕಿಕೊಂಡು ಬೈಕು ಹತ್ತಿ ಹೊರಟುಹೋದನು.

ಮಧುರೆಯ ಬಸ್ಸು ಬಂದಿತು. ಮಧ್ಯಾಹ್ನದ ಬಸ್ಸಾದ್ದರಿಂದ ಕೂರಲು ಜಾಗವಿತ್ತು. ಕಂಡಕ್ಟರು ಹತ್ತಿರ ಬಂದಾಗ ಅಪ್ಪಯ್ಯಣ್ಣನವರು ಎಂದಿನ ಮಾತು ಆಡದೆ ದುಡ್ಡು ಕೊಟ್ಟು ಟಿಕೆಟ್ಟು ಈಸಿಕೊಂಡರು. ಬಿಂದುಶ್ರೀ ಆಗಲೇ ನಿದ್ದೆಹೋಗಿದ್ದಳು. ಊರು ಬಂದಾಗ ಅವಳನ್ನು ಎಬ್ಬಿಸಲು ಎರಡು ಸಲ ಭುಜ ಅಲುಗಿಸಬೇಕಾಯಿತು.